ಆಡಿ ನೋಡಿದವರು

ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಗೆ ಹೋಗಿ ಚೌಕಾಬಾರ ಆಡಿದವರಿಗೆಲ್ಲ ಒಂದು ಜಗಳ ನೆನಪಿರಲೇಬೇಕು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಮನೆಗೆ ಹೋಗಬಹುದೋ ಇಲ್ಲವೋ ಅನ್ನೋ ಜಗಳ. ನಮ್ಮನೇಲಿ ಕಡಿಯಲೇಬೇಕಿತ್ತು. ಚಿಕ್ಕಮ್ಮನ ಮನೇಲಿ ಹಾಗೇನೂ ಇರಲಿಲ್ಲ. ಎರಡೂ ಕಡೆಯ ಮಕ್ಕಳು ಒಂದೇ ಹಜಾರದಲ್ಲಿ ಕೂತರೆ ಮೊದಲ ಅರ್ಧ ಗಂಟೆ ಕವಡೆ ನೆಲಕ್ಕೇ ಬೀಳುತ್ತಿರಲಿಲ್ಲ. ಕೊನೆಗೆ ಅಜ್ಜಿ ಅಡುಗೆ ಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, "ಇವತ್ತು ಹೀಗೆ ಆಡಿ ನೋಡ್ರೋ, ಸರಿ ಹೋಗ್ಲಿಲ್ಲ ಅಂದ್ರೆ ನಾಳೆ ಹಾಗೆ ಆಡಿ" ಅಂತ ತೀರ್ಪು ಕೊಟ್ಟು ಹೋಗುತ್ತಿದ್ದರು. ನಾವೂ ಆಡಿ ನೋಡುತ್ತಿದ್ದೆವು. ಯಾವುದು ಮಜಾ ಅನ್ನಿಸುತ್ತೋ ಅದೇ ಆ ರಜೆಯ ನಿಯಮ.

ಅಜ್ಜಿ ಹೇಳಿದ ಈ "ಆಡಿ ನೋಡಿ" ಅನ್ನೋ ಎರಡು ಪದಕ್ಕೆ ಇಂಗ್ಲಿಷಿನಲ್ಲಿ ಪ್ಲೇಟೆಸ್ಟಿಂಗ್ ಅಂತಾರೆ ಅಂತ ನನಗೆ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ. ಅದೂ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಒಂದು ವಿಚಿತ್ರ ಆಟದ ಹುಚ್ಚು ಹತ್ತಿದ ಮೇಲೆ. ಈ ಆಟದ ನಿಯಮಗಳನ್ನು ಯಾರು ಬರೆದರು, ಯಾರು ಆಡಿ ನೋಡಿದರು, ಆಡಿ ನೋಡಿದವರಿಗೆ ಕೊನೆಗೆ ಸಿಕ್ಕಿದ್ದೇನು ಅನ್ನೋ ಕಥೆಯನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಇವತ್ತು ಕಾಲ ಕೂಡಿ ಬಂತು. ಸ್ವಲ್ಪ ಉದ್ದವಾಗಬಹುದು, ಕಾಫಿ ಮಾಡಿಕೊಂಡು ಬನ್ನಿ :)

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಸೂತ್ರಧಾರ. ಉಳಿದವರದ್ದು ತಲೆಗೊಂದು ಪಾತ್ರ: ಒಬ್ಬ ಯೋಧ, ಒಬ್ಬಳು ಮಾಂತ್ರಿಕಳು, ಒಬ್ಬ ಕಳ್ಳ, ಹೀಗೆ. "ಗುಹೆಯ ಬಾಯಲ್ಲಿ ನಿಂತಿದ್ದೀರಿ, ಒಳಗಿಂದ ಏನೋ ಕೊಳೆತ ವಾಸನೆ ಬರ್ತಿದೆ, ಏನ್ಮಾಡ್ತೀರಿ?" ಅಂತ ಸೂತ್ರಧಾರ ಕೇಳುತ್ತಾನೆ. ನೀವು ಏನು ಬೇಕಾದರೂ ಹೇಳಬಹುದು. ನಿಮ್ಮ ಪ್ರಯತ್ನ ಫಲಿಸುತ್ತೋ ಇಲ್ಲವೋ ಅನ್ನೋದನ್ನು ಇಪ್ಪತ್ತು ಮುಖದ ಒಂದು ದಾಳ ಹೇಳುತ್ತೆ. ಗೆದ್ದವರು ಸೋತವರು ಅಂತ ಕೊನೆಯಲ್ಲಿ ಯಾರೂ ಇರೋದಿಲ್ಲ.

ಆ "ಏನು ಬೇಕಾದರೂ" ಅನ್ನೋದರಲ್ಲೇ ಇರೋದು ತೊಂದರೆ. ಚದುರಂಗದಲ್ಲಿ ಕುದುರೆ ಎರಡೂವರೆ ಮನೆ ಹಾರುತ್ತೆ, ಅಷ್ಟೇ. ಇಲ್ಲಿ ಯೋಧ "ನಾನು ಕತ್ತಿ ಬಿಸಾಕಿ ರಾಕ್ಷಸನ ಜೊತೆ ಹಾಡ್ತೀನಿ" ಅಂದರೂ ನಿಯಮ ಏನೋ ಒಂದು ಉತ್ತರ ಕೊಡಬೇಕು. ಬರೆಯುವವನು ಎಷ್ಟೇ ಜಾಣನಾದರೂ ಒಬ್ಬನೇ ಕೂತು ಇದನ್ನೆಲ್ಲ ಊಹಿಸಲಾರ. ಹಾಗಾಗಿ ಈ ಜಾತಿಯ ಆಟ ಹುಟ್ಟಿದ ದಿನದಿಂದಲೂ ಬೇರೆಯವರ ಕೈಗೆ ಕೊಟ್ಟು ಆಡಿ ನೋಡಿ ಅನ್ನಲೇಬೇಕಾಯಿತು.

ಹುಟ್ಟಿದ್ದೇ ಒಂದು ಎಡವಟ್ಟಿನಲ್ಲಿ. 1969ರಲ್ಲಿ ಅಮೆರಿಕದ ಮಿನೆಸೋಟಾದ ಅವಳಿ ನಗರಗಳಲ್ಲಿ ಮೇಜಿನ ಮೇಲೆ ತವರದ ಸೈನಿಕರನ್ನಿಟ್ಟು ಯುದ್ಧದಾಟ ಆಡುವ ಹುಡುಗರ ಗುಂಪೊಂದಿತ್ತು. ಅದರಲ್ಲಿದ್ದ ಡೇವಿಡ್ ವೆಸ್ಲಿ ನೆಪೋಲಿಯನ್ ಕಾಲದ ಬ್ರೌನ್‌ಸ್ಟೈನ್ ಅನ್ನೋ ಕಾಲ್ಪನಿಕ ಜರ್ಮನ್ ಊರನ್ನು ಕಟ್ಟಿದ. ಎರಡು ಸೈನ್ಯಗಳು ಊರಿನ ಹತ್ತಿರ ಬರುತ್ತಿವೆ. ಆಡಲು ಬಂದವರೋ ತುಂಬಾ ಜನ. ಎಲ್ಲರಿಗೂ ಸೈನ್ಯ ಎಲ್ಲಿಂದ ತರೋದು? ನೀನು ಮೇಯರ್, ನೀನು ಬ್ಯಾಂಕಿನವನು, ನೀನು ವಿಶ್ವವಿದ್ಯಾಲಯದ ಕುಲಪತಿ ಅಂತ ಊರಿನವರ ಪಾತ್ರಗಳನ್ನೇ ಹಂಚಿಬಿಟ್ಟ. ಜನ ಮೂಲೆ ಮೂಲೆಗೆ ಹೋಗಿ ಗುಟ್ಟು ಮಾತಾಡತೊಡಗಿದರು. ಇಬ್ಬರು ಬಂದು "ನಾವು ದ್ವಂದ್ವಯುದ್ಧ ಮಾಡ್ತೀವಿ" ಅಂದರು. ಅದಕ್ಕೆ ನಿಯಮವೇ ಇರಲಿಲ್ಲ, ವೆಸ್ಲಿ ನಿಂತ ಕಾಲಲ್ಲೇ ಒಂದು ಮಾಡಿ ಕೊಟ್ಟ. ಸೈನ್ಯಗಳ ಯುದ್ಧ ನಡೆಯಲೇ ಇಲ್ಲ. ಆಟ ಕೆಟ್ಟು ಹೋಯಿತು ಅಂತ ವೆಸ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದರೆ, ಆಡಿದವರು ಬಂದು ಮುಂದಿನದು ಯಾವಾಗ ಅಂತ ಕೇಳಿದರು! ಮುಂದಿನ ಸಲಗಳಲ್ಲಿ ಅವನು ನಿಯಮ ಬಿಗಿ ಮಾಡಿ ಎಲ್ಲವನ್ನೂ ಹದ್ದುಬಸ್ತಿಗೆ ತಂದ. ಜನಕ್ಕೆ ಅದು ಅಷ್ಟು ರುಚಿಸಲಿಲ್ಲ. ಅವರಿಗೆ ಬೇಕಾಗಿದ್ದದ್ದು ಮೊದಲ ದಿನದ ಆ ಗೊಂದಲವೇ.

ಈ ಪ್ರಸಂಗ ನನಗೆ ಬಹಳ ಇಷ್ಟ. ಮಾಡಿದವನ ಪ್ರಕಾರ ಫೇಲಾದ ಆಟವನ್ನು ಆಡಿದವರು ಪಾಸು ಮಾಡಿದರು. ಅವರು ಅಷ್ಟು ಹಟ ಮಾಡದಿದ್ದರೆ ಮುಂದಿನದ್ಯಾವುದೂ ನಡೆಯುತ್ತಿರಲಿಲ್ಲ.

ಆ ಗುಂಪಿನಲ್ಲೇ ಡೇವ್ ಆರ್ನೆಸನ್ ಅಂತ ಒಬ್ಬನಿದ್ದ. ವೆಸ್ಲಿಗೆ 1970ರಲ್ಲಿ ಸೈನ್ಯದಿಂದ ಕರೆ ಬಂದು ಹೋದ ಮೇಲೆ ಆರ್ನೆಸನ್ ಅದೇ ದಾರಿಯಲ್ಲಿ ಬ್ಲ್ಯಾಕ್‌ಮೂರ್ ಅನ್ನೋ ಮಾಯಾಲೋಕ ಕಟ್ಟಿದ. ಕೋಟೆ, ಕೋಟೆಯ ಕೆಳಗೆ ನೆಲಮಾಳಿಗೆಗಳು, ಅಲ್ಲಿ ರಾಕ್ಷಸರು. ಕಾದಾಟಕ್ಕೆ 1971ರಲ್ಲಿ ಅಚ್ಚಾಗಿದ್ದ ಚೈನ್‌ಮೇಲ್ ಅನ್ನೋ ಪುಸ್ತಕದ ನಿಯಮಗಳನ್ನು ತೆಗೆದುಕೊಂಡ. ಅದು ಸೈನ್ಯಗಳಿಗೆ ಬರೆದ ಪುಸ್ತಕ. ದಾಳ ಬಿತ್ತು, ಒಂದೇ ಏಟು, ಸತ್ತ ಇಲ್ಲವೇ ಬದುಕಿದ. ತವರದ ಸೈನಿಕ ಸತ್ತರೆ ಯಾರಿಗೂ ಬೇಜಾರಿಲ್ಲ. ಆದರೆ ಹೆಸರಿಟ್ಟು, ಹಲವು ವಾರ ಆಡಿಸಿ ಬೆಳೆಸಿದ ಪಾತ್ರ ಒಂದೇ ಏಟಿಗೆ ಸತ್ತರೆ? ರಾಕ್ಷಸ ಒಂದೇ ಏಟಿಗೆ ಸತ್ತರೆ ಹುಡುಗರಿಗೆ ಖುಷಿ, ತಾವು ಸತ್ತರೆ ಮಾತ್ರ ಗಲಾಟೆ. ಆರ್ನೆಸನ್ ತನ್ನ ಹಡಗು ಯುದ್ಧದಾಟದ ಲೆಕ್ಕವನ್ನು ಇಲ್ಲಿಗೆ ತಂದ. ಹಡಗು ಒಂದು ಗುಂಡಿಗೆ ಮುಳುಗೋದಿಲ್ಲ, ಇಷ್ಟು ಏಟು ತಿಂದ ಮೇಲೆ ಮುಳುಗುತ್ತೆ. ಮನುಷ್ಯನಿಗೂ ಹಾಗೇ ಇಷ್ಟು ಅಂಕ ಪ್ರಾಣ ಅಂತ ಇಟ್ಟ. ಅದೇ ಹಿಟ್ ಪಾಯಿಂಟ್. ಇವತ್ತು ನಿಮ್ಮ ಮಗ ಮೊಬೈಲಿನಲ್ಲಿ ಆಡುವ ಆಟದಲ್ಲಿ ಮೇಲೆ ಕೆಂಪು ಪಟ್ಟಿಯೊಂದು ಕಡಿಮೆಯಾಗುತ್ತಾ ಹೋಗುತ್ತಲ್ಲ, ಅದರ ಮನೆತನ ಹುಡುಕಿಕೊಂಡು ಹೋದರೆ ಸಿಗುವುದು ಮಿನೆಸೋಟಾದ ಈ ಹುಡುಗರ ಗಲಾಟೆ.

1972ರ ಕೊನೆಯಲ್ಲಿ ಆರ್ನೆಸನ್ ತನ್ನ ಗೆಳೆಯ ಡೇವಿಡ್ ಮೆಗ್ಯಾರಿಯ ಜೊತೆ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಅನ್ನೋ ಊರಿಗೆ ಹೋದ. ಅಲ್ಲಿದ್ದವನು ಗ್ಯಾರಿ ಗೈಗ್ಯಾಕ್ಸ್, ಚೈನ್‌ಮೇಲ್ ಬರೆದ ಇಬ್ಬರಲ್ಲಿ ಒಬ್ಬ. ಒಂದು ರಾತ್ರಿ ಬ್ಲ್ಯಾಕ್‌ಮೂರ್ ಆಡಿದ್ದೇ ತಡ, ಗೈಗ್ಯಾಕ್ಸ್‌ಗೆ ಹುಚ್ಚು ಹಿಡಿಯಿತು. ನಿಯಮ ಕಳಿಸು ಅಂದ. ಆರ್ನೆಸನ್‌ನಿಂದ ಬಂದದ್ದು ಇಪ್ಪತ್ತರ ಆಸುಪಾಸಿನ ಪುಟಗಳ ಟಿಪ್ಪಣಿ. ಯಾಕಂದರೆ ಉಳಿದ ನಿಯಮಗಳೆಲ್ಲ ಅವನ ತಲೆಯಲ್ಲಿ, ಅವನ ಮೇಜಿನ ಸುತ್ತ ಕೂರುವವರ ರೂಢಿಯಲ್ಲಿ ಇದ್ದವು. ಗೈಗ್ಯಾಕ್ಸ್ ಅದರಿಂದ ಸುಮಾರು 50 ಪುಟದ ಕರಡು ಮಾಡಿದ. ಮೊದಲು ಆಡಿ ನೋಡಿದವರು ಅವನ ಮಕ್ಕಳೇ, ಅರ್ನಿ ಮತ್ತು ಎಲೀಸ್. ಅಪ್ಪ ಕಟ್ಟಿದ ಗ್ರೇಹಾಕ್ ಕೋಟೆಯ ನೆಲಮಾಳಿಗೆಗೆ ಇಳಿದ ಮಕ್ಕಳಿಗೆ ಒಂದು ಪೆಟ್ಟಿಗೆ ತುಂಬಾ ತಾಮ್ರದ ನಾಣ್ಯ ಸಿಕ್ಕಿತು. ಹೊತ್ತುಕೊಂಡು ಬರೋಕಾಗದಷ್ಟು ಭಾರ! ಮಕ್ಕಳು ಮಲಗಿದ ಮೇಲೆ ಅಪ್ಪ ಕೂತು ಎರಡನೇ ಅಂತಸ್ತು ಬರೆದ. ಮಾರನೇ ದಿನದಿಂದ ಗೆಳೆಯರು ಬಂದು ಸೇರಿಕೊಂಡರು. ಕರಡು 150 ಪುಟಕ್ಕೆ ಬೆಳೆಯಿತು, ಬೇರೆ ಊರಿನ ಯುದ್ಧದಾಟದವರಿಗೂ ಅಂಚೆಯಲ್ಲಿ ಹೋಯಿತು, ಅವರೂ ಆಡಿ ನೋಡಿ ಬರೆದರು.

ಆಗ ಆಡಿದವರ ಗುರುತು ಉಳಿದಿರುವ ರೀತಿ ಚೆನ್ನಾಗಿದೆ. ಅರ್ನಿಯ ಮಾಂತ್ರಿಕನ ಹೆಸರು ಟೆನ್ಸರ್. ಅರ್ನೆಸ್ಟ್ ಅನ್ನೋ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದೆ ಮುಂದೆ ಮಾಡಿದರೆ ಟೆನ್ಸರ್ ಆಗುತ್ತೆ. ಗಾಳಿಯಲ್ಲಿ ತೇಲುತ್ತಾ ಸಾಮಾನು ಹೊರುವ ತಟ್ಟೆಯೊಂದನ್ನು ಸೃಷ್ಟಿಸುವ ಮಂತ್ರವನ್ನು ಇವತ್ತಿಗೂ ಪುಸ್ತಕದಲ್ಲಿ "ಟೆನ್ಸರನ ತೇಲುತಟ್ಟೆ" ಅಂತಲೇ ಕರೆಯುತ್ತಾರೆ. ಗೈಗ್ಯಾಕ್ಸ್‌ನ ಇನ್ನೊಬ್ಬ ಮಗ ಲ್ಯೂಕ್‌ನ ಪಾತ್ರ ಮೆಲ್ಫ್, ಅವನ ಹೆಸರಿನಲ್ಲಿ ಆಮ್ಲದ ಬಾಣದ ಮಂತ್ರವಿದೆ. ಜಿಮ್ ವಾರ್ಡ್ ಅನ್ನೋ ಆಟಗಾರನ ಹೆಸರನ್ನು ತಿರುಗಿಸಿ ಬರೆದು ಡ್ರಾಮಿಜ್ ಅಂತ ಮಾಡಿ ಇನ್ನೊಂದು ಮಂತ್ರಕ್ಕೆ ಇಟ್ಟರು. ಆಡಿ ನೋಡಿದವರಿಗೆ ಸಂಬಳ ಅಂತೇನೂ ಇರಲಿಲ್ಲ. ಇಂಥ ಹೆಸರುಗಳು ಉಳಿದವು. ಈ ವಿಷಯ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತೆ.

1974ರ ಜನವರಿಯಲ್ಲಿ ಗೈಗ್ಯಾಕ್ಸ್‌ನ ಟಿಎಸ್‌ಆರ್ ಕಂಪನಿ ಡಂಜನ್ಸ್ ಅಂಡ್ ಡ್ರ್ಯಾಗನ್ಸನ್ನು ಅಚ್ಚು ಹಾಕಿಸಿತು. 1000 ಪ್ರತಿ. ಮೂರು ಪುಟ್ಟ ಪುಸ್ತಕಗಳ ಒಂದು ಡಬ್ಬಿ, ಬೆಲೆ 10 ಡಾಲರ್. ಓದಿದವರಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಅಷ್ಟೊಂದು ಖಾಲಿ ಜಾಗಗಳು. ಹಾಗಾಗಿ ಕೊಂಡವರೆಲ್ಲ ತಂತಮ್ಮ ಊರಿನಲ್ಲಿ ತುಂಬಿಕೊಂಡರು. ಪುಸ್ತಕದ ಕೊನೆಯಲ್ಲಿ ಕೂಡ ನಿಮ್ಮ ಕಲ್ಪನೆಯ ಕೆಲಸವನ್ನು ನಾವೇಕೆ ಮಾಡಬೇಕು ಅನ್ನೋ ಅರ್ಥದ ಮಾತಿತ್ತು. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದ ಒಂದು ಆಟದಂಗಡಿಯ ಗುಂಪು ಕಳ್ಳನ ಪಾತ್ರವನ್ನು ಸೃಷ್ಟಿಸಿಕೊಂಡಿತು. ಬೀಗ ತೆಗೆಯೋದು, ಸದ್ದಿಲ್ಲದೆ ನಡೆಯೋದು, ಹಿಂದಿನಿಂದ ಇರಿಯೋದು. ಅಂಗಡಿಯ ಗ್ಯಾರಿ ಸ್ವಿಟ್ಜರ್ ಫೋನಿನಲ್ಲಿ ಇದನ್ನು ಗೈಗ್ಯಾಕ್ಸ್‌ಗೆ ಹೇಳಿದ. ಗೈಗ್ಯಾಕ್ಸ್ ತನ್ನದೇ ರೀತಿಯಲ್ಲಿ ನಿಯಮ ಬರೆದು 1974ರಲ್ಲಿ ಒಂದು ಸಣ್ಣ ಪತ್ರಿಕೆಯಲ್ಲಿ ಹಾಕಿದ, ಸ್ವಿಟ್ಜರ್ ಹೆಸರನ್ನೂ ಹೇಳಿದ. 1975ರಲ್ಲಿ ಗ್ರೇಹಾಕ್ ಪುರವಣಿ ಬಂದಾಗ ಕಳ್ಳ ಅಧಿಕೃತವಾಗಿ ಆಟದೊಳಗೆ ಬಂದ. ಇವತ್ತು ಕಳ್ಳನಿಲ್ಲದ ಡಿ ಅಂಡ್ ಡಿ ಯಾರಿಗೂ ಊಹಿಸೋಕಾಗಲ್ಲ. ಅದೇ 1975ರಲ್ಲಿ ಕ್ಯಾಲ್‌ಟೆಕ್ ವಿದ್ಯಾರ್ಥಿಗಳ ಗುಂಪು ವಾರ್‌ಲಾಕ್ ಅಂತ ತಮ್ಮ ಮನೆಯ ನಿಯಮಗಳನ್ನೇ ಅಚ್ಚು ಮಾಡಿಸಿತು. ನಮ್ಮ ಹಜಾರದ ಜಗಳ ನೋಡಿ, ಅಮೆರಿಕದ ತುಂಬಾ!

ಇಲ್ಲಿಂದ ಬಾಗಿಲು ಮುಚ್ಚುತ್ತಾ ಬಂತು. ಎಲ್ಲ ಕಡೆ ಒಂದೇ ರೀತಿ ಆಡಬೇಕು ಅಂತ ಗೈಗ್ಯಾಕ್ಸ್ 1977ರಿಂದ 1979ರೊಳಗೆ ಅಡ್ವಾನ್ಸ್‌ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಮೂರು ದಪ್ಪ ಪುಸ್ತಕ ತಂದ. ಅವುಗಳ ಮೇಲೆ ಲೇಖಕ ಅಂತ ಇದ್ದದ್ದು ಅವನೊಬ್ಬನ ಹೆಸರು. 1979ರಲ್ಲಿ ಆರ್ನೆಸನ್ ಕೋರ್ಟಿಗೆ ಹೋದ. 1981ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು, ಆಟದ ಜೊತೆ ಸೃಷ್ಟಿಕರ್ತ ಅಂತ ಅವನಿಗೂ ಮನ್ನಣೆ ಸಿಕ್ಕಿತು. ಒಟ್ಟಿಗೆ ಕೂತು ಆಡಿದವರು ವಕೀಲರ ಮೂಲಕ ಮಾತಾಡಿಕೊಳ್ಳುವಂತಾಯಿತು. ಇಬ್ಬರಲ್ಲಿ ಯಾರದ್ದು ಸರಿ ಅಂತ ತೂಗುವುದು ನನ್ನ ಉದ್ದೇಶವಲ್ಲ. ತಲೆಯಲ್ಲಿ ಮತ್ತು ರೂಢಿಯಲ್ಲಿದ್ದ ನಿಯಮ ಅಚ್ಚಾದ ಕೂಡಲೇ ಅದಕ್ಕೊಬ್ಬ ಒಡೆಯ ಬೇಕಾಗುತ್ತಾನೆ, ಆಗ ಇಂಥದ್ದು ಆಗುತ್ತೆ. ಆಮೇಲಿನ ವರ್ಷಗಳಲ್ಲಿ ಆಡಿ ನೋಡುವ ಕೆಲಸ ಹೆಚ್ಚಾಗಿ ಕಂಪನಿಗಳು ಆರಿಸಿಕೊಂಡ ಗುಂಪುಗಳ ಒಳಗೇ ನಡೆಯಿತು.

ಬಾಗಿಲು ಮತ್ತೆ ತೆರೆದದ್ದು ಒಂದು ಪರವಾನಗಿಯಿಂದ. 1997ರಲ್ಲಿ ಟಿಎಸ್‌ಆರ್ ಅನ್ನು ವಿಝರ್ಡ್ಸ್ ಆಫ್ ದಿ ಕೋಸ್ಟ್ ಕೊಂಡುಕೊಂಡಿತ್ತು, ಅದನ್ನು 1999ರಲ್ಲಿ ಹ್ಯಾಸ್ಬ್ರೋ. 2000ದಲ್ಲಿ ಮೂರನೇ ಆವೃತ್ತಿ ಬಂದಾಗ ಅದರ ಜೊತೆ ಓಪನ್ ಗೇಮ್ ಲೈಸೆನ್ಸ್ ಅಂತ ಒಂದು ಬಂತು. ಸುಲಭವಾಗಿ ಓಜಿಎಲ್ ಅನ್ನೋಣ. ನಿಯಮಗಳ ತಿರುಳನ್ನು ಯಾರು ಬೇಕಾದರೂ ತೆಗೆದುಕೊಂಡು ತಮ್ಮ ಪುಸ್ತಕ ಬರೆದು ಮಾರಬಹುದು. ನಮ್ಮಲ್ಲಿ ಲಿನಕ್ಸ್ ಬಗ್ಗೆ ಮಾತಾಡುತ್ತಿದ್ದ ಗೆಳೆಯರಿಗೆ ಬೇಗ ಅರ್ಥವಾಗುತ್ತೆ. ಆದರೆ 2008ರಲ್ಲಿ ನಾಲ್ಕನೇ ಆವೃತ್ತಿ ಬರುವಾಗ ಕಂಪನಿ ಬೇರೆಯದೇ, ಹೆಚ್ಚು ಬಿಗಿಯಾದ ಪರವಾನಗಿ ತಂದಿತು. ಅದುವರೆಗೆ ಡಿ ಅಂಡ್ ಡಿಯ ಪತ್ರಿಕೆಗಳನ್ನು ನಡೆಸಿದ್ದ ಪೈಜೋ ಅನ್ನೋ ಪುಟ್ಟ ಪ್ರಕಾಶನಕ್ಕೆ ಅನ್ನದ ಪ್ರಶ್ನೆ. ಅವರು ಹಳೆಯ ಓಜಿಎಲ್ ಹಿಡಿದುಕೊಂಡು ಮೂರನೇ ಆವೃತ್ತಿಯನ್ನೇ ತಿದ್ದಿ ಪಾತ್‌ಫೈಂಡರ್ ಅಂತ ಹೊಸ ಆಟ ಮಾಡಲು ಹೊರಟರು. 2008ರ ಮಾರ್ಚ್ 18ರಂದು ಜೇಸನ್ ಬುಲ್ಮಾನ್ ಬರೆದ ಅರೆಬೆಂದ ಕರಡನ್ನು ಎಲ್ಲರ ಮುಂದೆ ಪುಕ್ಕಟೆಯಾಗಿ ಇಟ್ಟು "ಆಡಿ ನೋಡಿ, ತಪ್ಪು ಹೇಳಿ" ಅಂದರು. ಗೈಗ್ಯಾಕ್ಸ್ ತೀರಿಕೊಂಡು ಆಗಿನ್ನೂ ಎರಡು ವಾರ. ಆಗಸ್ಟಿನಲ್ಲಿ ಬೀಟಾ ಬಂತು, 2009ರ ಆಗಸ್ಟಿನಲ್ಲಿ ಪೂರ್ತಿ ಪುಸ್ತಕ. 50,000ಕ್ಕೂ ಹೆಚ್ಚು ಜನ ಆಡಿ ನೋಡಿದ್ದಾರೆ ಅಂತ ಪೈಜೋ ಹೆಮ್ಮೆಯಿಂದ ಹೇಳಿಕೊಂಡಿತು. ಮೊದಲ ಮುದ್ರಣ ಖರ್ಚಾಗಲು ಹೆಚ್ಚು ದಿನ ಬೇಕಾಗಲಿಲ್ಲ. ತಾವು ತಿದ್ದಿದ ಪುಸ್ತಕವನ್ನು ಯಾರು ತಾನೇ ಕೊಳ್ಳದೆ ಬಿಡ್ತಾರೆ ಹೇಳಿ?

ದೊಡ್ಡ ಕಂಪನಿಯೂ ಪಾಠ ಕಲಿಯಿತು. 2012ರ ಜನವರಿಯಲ್ಲಿ ಐದನೇ ಆವೃತ್ತಿ ಮಾಡ್ತೀವಿ, ಎಲ್ಲರನ್ನೂ ಕೇಳಿಯೇ ಮಾಡ್ತೀವಿ ಅಂತ ಘೋಷಿಸಿತು. ಮೇ 24ರಂದು ಮೊದಲ ಕಟ್ಟು ಬಂತು: ನಿಯಮಗಳು, ಐದು ಸಿದ್ಧ ಪಾತ್ರಗಳು, ಆಡಲು ಗೈಗ್ಯಾಕ್ಸ್ 1979ರಲ್ಲಿ ಬರೆದಿದ್ದ ಗುಹೆಗಳ ಸಾಹಸ. ಇಲ್ಲಿ ನಾನು ಕಥೆಯೊಳಗೆ ಬರ್ತೀನಿ.

ಬೆಂಗಳೂರಿನಲ್ಲಿ ಒಬ್ಬ ಗೆಳೆಯನ ಬಾಡಿಗೆ ಮನೆ. ಜೂನ್ ತಿಂಗಳ ಶನಿವಾರ, ಹೊರಗೆ ಮಳೆ. ಆಫೀಸಿನ ಪ್ರಿಂಟರಿನಲ್ಲಿ ಕದ್ದು ತೆಗೆದ ಹಾಳೆಗಳು, ಮಂಡಕ್ಕಿ, ಐದು ಜನ. ಇಪ್ಪತ್ತು ಮುಖದ ದಾಳ ಇದ್ದದ್ದು ಒಂದೇ. ಅದನ್ನೇ ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ನಿಯಮ ಇಂಗ್ಲಿಷಿನಲ್ಲಿ, ಆಟ ಕನ್ನಡದಲ್ಲಿ. ಹೊಸ ಕರಡಿನಲ್ಲಿ ಅಡ್ವಾಂಟೇಜ್ ಅಂತ ಒಂದು ನಿಯಮವಿತ್ತು, ನಾವು ಅದನ್ನು "ಮೇಲುಗೈ" ಅಂತ ಕರೆದೆವು. ಹಳೆಯ ಆವೃತ್ತಿಗಳಲ್ಲಿ ಎತ್ತರದಲ್ಲಿದ್ದೀಯಾ ಒಂದು ಕೂಡು, ಕತ್ತಲಿದೆ ಎರಡು ಕಳೆ ಅಂತ ಲೆಕ್ಕದ ಮಗ್ಗಿಯೇ ಇರುತ್ತಿತ್ತು. ಇಲ್ಲಿ ಅದೆಲ್ಲದರ ಜಾಗದಲ್ಲಿ ಒಂದೇ ಮಾತು: ನಿನಗೆ ಮೇಲುಗೈ ಇದ್ದರೆ ದಾಳವನ್ನು ಎರಡು ಸಲ ಹಾಕು, ಹೆಚ್ಚು ಬಿದ್ದದ್ದನ್ನು ಇಟ್ಟುಕೋ. ಹಿನ್ನಡೆ ಇದ್ದರೆ ಕಡಿಮೆ ಬಿದ್ದದ್ದು.

ನಮ್ಮಲ್ಲಿ ಒಬ್ಬಳಿದ್ದಳು, ಬಹಳ ಸಂಕೋಚದ ಹುಡುಗಿ. ಗೆಳೆಯನ ತಂಗಿ, ಊರಿನಿಂದ ಬಂದು ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಎರಡು ಗಂಟೆ ಒಂದೇ ಒಂದು ಮಾತಾಡಿರಲಿಲ್ಲ. ಗುಹೆಯಲ್ಲಿ ಗಾಬ್ಲಿನ್‌ಗಳು ದಾರಿಗಡ್ಡ ನಿಂತವು. ನಾವೆಲ್ಲ ಕತ್ತಿ ಹಿರಿದೆವು. ಅವಳು ಮೆಲ್ಲಗೆ "ಒಂದ್ನಿಮಿಷ ಇರಿ, ನಾನು ಮಾತಾಡ್ಲಾ?" ಅಂದಳು. ಆಮೇಲೆ ಶುರು ಮಾಡಿದಳು ನೋಡಿ. ನಿಮ್ಮ ಮೇಲಿನ ಗುಹೆಯವರು ನಿಮ್ಮ ಪಾಲು ಸರಿಯಾಗಿ ಕೊಡ್ತಿದ್ದಾರಾ, ನಮ್ಮನ್ನು ಒಳಗೆ ಬಿಟ್ಟರೆ ನಿಮಗೇನು ನಷ್ಟ, ಹೋದರೆ ಅವರ ತಲೆ ಬಂದರೆ ನಿಮ್ಮ ಚೀಲ.. ಸಂತೆಯಲ್ಲಿ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿದ ಹಾಗೆ! ಸೂತ್ರಧಾರ ನಕ್ಕು "ಇಷ್ಟು ಹೇಳಿದ ಮೇಲೆ ಮೇಲುಗೈ ಕೊಡದೆ ಇರೋಕಾಗಲ್ಲ" ಅಂದ. ಮೊದಲ ಸಲ ಬಿದ್ದದ್ದು 4. ಎರಡನೇ ಸಲ 17. ನಾವು ಕೂಗಿದ ಕೂಗಿಗೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು.

ಮನೆಗೆ ಹೋಗಿ ಲೆಕ್ಕ ಹಾಕಿದೆ. 11 ಅಥವಾ ಹೆಚ್ಚು ಬೀಳಬೇಕಾದಾಗ ಒಂದು ದಾಳಕ್ಕೆ ನೂರಕ್ಕೆ 50ರಷ್ಟು ಸಾಧ್ಯತೆ, ಎರಡು ಸಲ ಹಾಕಿದರೆ 75. ಸರಾಸರಿ 10.5 ಇದ್ದದ್ದು 13.8ರ ಹತ್ತಿರ ಹೋಗುತ್ತೆ. 20 ಬೀಳಲೇಬೇಕು ಅಂದರೆ 5ರಿಂದ 9.75, ಅಂದರೆ ಅಸಾಧ್ಯವಾದದ್ದು ಸುಲಭವೇನೂ ಆಗಲ್ಲ. ಗಣಿತ ಚೆನ್ನಾಗಿದೆ. ಆದರೆ ನಮ್ಮನ್ನು ಕೂಗಿಸಿದ್ದು ಗಣಿತ ಅಲ್ಲ. 4 ಬಿದ್ದ ಮೇಲೆ ಮತ್ತೊಂದು ಅವಕಾಶ ಇದೆ ಅಂತ ಅವಳು ದಾಳ ಕೈಗೆತ್ತಿಕೊಂಡ ಆ ಗಳಿಗೆ.

ಆಮೇಲೆ ಪ್ರಶ್ನಾವಳಿ ತುಂಬಬೇಕಿತ್ತು. ಈ ನಿಯಮ ನಿಮಗೆ ಎಷ್ಟು ತೃಪ್ತಿ ಕೊಟ್ಟಿತು? ಬಹಳ, ಸ್ವಲ್ಪ, ಇಲ್ಲ. ನಾನು ಮೇಲುಗೈ ಮುಂದೆ ಗುರುತು ಹಾಕುತ್ತಾ ಯೋಚಿಸಿದೆ, ಆ ಹುಡುಗಿ ಮಾತಾಡಿದ್ದನ್ನು ಯಾವ ಕಾಲಮ್ಮಿಗೆ ಹಾಕೋದು? ವೆಸ್ಲಿಗೆ ಈ ಕಷ್ಟವಿರಲಿಲ್ಲ, ಅವನು ಅಲ್ಲೇ ನಿಂತು ಮುಖಗಳನ್ನು ನೋಡುತ್ತಿದ್ದ. ತನ್ನ ಆಟ ಕೆಟ್ಟಿತು ಅಂತ ಅಂದುಕೊಂಡವನಿಗೆ ಆ ಮುಖಗಳೇ ಹಾಗಲ್ಲ ಅಂತ ಹೇಳಿದವು. ಕೊನೆಗೆ "ಬಹಳ" ಅಂತ ಒತ್ತಿ ಮುಗಿಸಿದೆ.

2013ರ ಶರತ್ಕಾಲದವರೆಗೆ ಕಟ್ಟುಗಳು ಬಂದವು, ಬದಲಾದವು. ಒಂದರಲ್ಲಿ ಸಾರ್ಸರರ್ ಅನ್ನೋ ಮಾಂತ್ರಿಕ ಶಕ್ತಿ ಖರ್ಚಾದಷ್ಟೂ ಡ್ರ್ಯಾಗನ್ನಿನ ಗುಣ ಪಡೆಯುತ್ತಾ ಹೋಗುತ್ತಿದ್ದ. ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟವಾಗಿತ್ತು. ಅದು ಮುಂದಿನ ಕಟ್ಟುಗಳಲ್ಲಿ ಕಾಣೆಯಾಯಿತು, ಮತ್ತೆ ಬಂದಾಗ ಬೇರೆಯದೇ ರೂಪ. ಎಷ್ಟೋ ಸಾವಿರ ಜನರ ಸರಾಸರಿಯಲ್ಲಿ ಐದು ಜನರ ಇಷ್ಟಕ್ಕೆ ಜಾಗವಿರೋದಿಲ್ಲ, ಅದು ಸಹಜವೇ. ಮುಂದೆ ಕಂಪನಿಯ ಜೆರೆಮಿ ಕ್ರಾಫರ್ಡ್ ವಿವರಿಸಿದ ಹಾಗೆ ಸುಮಾರು ನೂರಕ್ಕೆ 70 ತೃಪ್ತಿ ಬಂದರೆ ನಿಯಮ ದಾರಿಯಲ್ಲಿದೆ ಅಂತ ಲೆಕ್ಕ. ಹೊಸತಾಗಿ ವಿಚಿತ್ರವಾಗಿ ಇರುವುದಕ್ಕೆ ಆ ಗೆರೆ ದಾಟುವುದು ಕಷ್ಟ. ಬ್ರೌನ್‌ಸ್ಟೈನ್‌ನ ಮೊದಲ ದಿನವೇ ಇಂಥ ಪ್ರಶ್ನಾವಳಿ ಕೊಟ್ಟಿದ್ದರೆ ಏನಾಗುತ್ತಿತ್ತೋ ಅಂತ ನಾನು ಆಗಾಗ ಯೋಚಿಸ್ತೀನಿ. ಮೇಲುಗೈ ಮಾತ್ರ ಮೊದಲ ಕಟ್ಟಿನಿಂದ ಕೊನೆಯವರೆಗೂ ಉಳಿಯಿತು. 2014ರ ಆಗಸ್ಟಿನಲ್ಲಿ ಪುಸ್ತಕ ಬಂದಾಗ ಕೃತಜ್ಞತೆಯ ಪುಟ ತೆಗೆದು ನೋಡಿದೆ. ಆಡಿ ನೋಡಿದ 1,75,000ಕ್ಕೂ ಹೆಚ್ಚು ಅಭಿಮಾನಿಗಳಿಗೆ ಧನ್ಯವಾದ ಅಂತಿತ್ತು. ಆ ಸಂಖ್ಯೆಯೊಳಗೆ ಎಲ್ಲೋ ನಾವು ಐದು ಜನ ಇದ್ದೀವಿ. ಟೆನ್ಸರನಿಗೆ ಮಂತ್ರ ಸಿಕ್ಕಿತ್ತು, ನಮಗೆ ಒಂದು ಸೊನ್ನೆಯೊಳಗೆ ಜಾಗ :)

ನಗೆ ಬಂದರೂ ಬೇಜಾರಿರಲಿಲ್ಲ. ಬೇಜಾರಾಗಿದ್ದು 2023ರ ಜನವರಿಯಲ್ಲಿ.

2022ರ ಆಗಸ್ಟ್‌ನಿಂದ ಮತ್ತೊಂದು ಸುತ್ತಿನ ಆಡಿ ನೋಡಾಟ ನಡೆಯುತ್ತಿತ್ತು. ಮೊದಲ ಕಟ್ಟಿನಲ್ಲಿ ರಾಕ್ಷಸರ ಪೆಟ್ಟಿಗೆ 20 ಬಿದ್ದಾಗ ಸಿಗುವ ಹೆಚ್ಚುವರಿ ಏಟನ್ನು ತೆಗೆದುಹಾಕಿದ್ದರು, ಜನಕ್ಕೆ ಹಿಡಿಸದೆ ಮುಂದಿನ ಕಟ್ಟಿನಲ್ಲಿ ಹಳೆಯದಕ್ಕೇ ಮರಳಿದರು. ಹೀಗೆ ಒಂದು ಕಡೆ ನಮ್ಮನ್ನು ಕೇಳುತ್ತಿದ್ದರು. ಇನ್ನೊಂದು ಕಡೆ 2023ರ ಜನವರಿ 5ರಂದು ಒಂದು ಕಾಗದ ಹೊರಬಿತ್ತು. 2000ದ ಓಜಿಎಲ್ ಇನ್ನು ಮುಂದೆ ಮಾನ್ಯವಲ್ಲ ಅನ್ನುವ ಹೊಸ ಪರವಾನಗಿಯ ಕರಡು. 7,50,000 ಡಾಲರ್ ಮೀರಿದ ವಹಿವಾಟಿನ ಮೇಲೆ ನೂರಕ್ಕೆ 25ರವರೆಗೆ ರಾಯಧನ. ಇಪ್ಪತ್ತೆರಡು ವರ್ಷ ಆ ಪರವಾನಗಿಯನ್ನು ನಂಬಿ ಪುಸ್ತಕ ಬರೆದು ಹೊಟ್ಟೆ ಹೊರೆಯುತ್ತಿದ್ದ ಸಣ್ಣ ಪ್ರಕಾಶಕರು ಕಂಗಾಲಾದರು. ಪೈಜೋ ಒಂದು ವಾರದೊಳಗೆ ತಾವೇ ಬೇರೆ ಮುಕ್ತ ಪರವಾನಗಿ ಮಾಡ್ತೀವಿ ಅಂತ ಘೋಷಿಸಿತು. ಆಟಗಾರರು ಕಂಪನಿಯ ಜಾಲತಾಣದ ಚಂದಾ ರದ್ದು ಮಾಡತೊಡಗಿದರು. ನಾನೂ ಮಾಡಿದೆ.

ಆಮೇಲೆ ಆದದ್ದು ತಮಾಷೆಯೋ ನ್ಯಾಯವೋ ನೀವೇ ಹೇಳಿ. ಕಂಪನಿ ತಿದ್ದಿದ ಕರಡೊಂದನ್ನು ತಂದು, ನಿಯಮಗಳನ್ನು ಆಡಿ ನೋಡುವಾಗ ಮಾಡುವ ಹಾಗೆಯೇ ಇದಕ್ಕೂ ಪ್ರಶ್ನಾವಳಿ ಇಡ್ತೀವಿ, ಹೇಳಿ ಅಂದಿತು. ಮಂತ್ರಕ್ಕೆ, ಕತ್ತಿಗೆ ಇಟ್ಟ ಹಾಗೆ ಕಾನೂನು ಪತ್ರಕ್ಕೂ ಪ್ಲೇಟೆಸ್ಟ್! ಒಂದು ವಾರದಲ್ಲಿ 15,000ಕ್ಕೂ ಹೆಚ್ಚು ಉತ್ತರ ಬಂದವು. ನೂರಕ್ಕೆ 88 ಜನ ಈ ಪರವಾನಗಿಯಡಿ ಪ್ರಕಟಿಸೋದಿಲ್ಲ ಅಂದರು. ಹಳೆಯದನ್ನು ರದ್ದು ಮಾಡುವುದು ಸರಿಯಲ್ಲ ಅಂದವರು 89. ಜನವರಿ 27ರಂದು ಕಂಪನಿ ಸೋಲೊಪ್ಪಿಕೊಂಡಿತು. ಹಳೆಯ ಓಜಿಎಲ್ ಹಾಗೇ ಉಳಿಯಿತು. ಅದಕ್ಕಿಂತ ದೊಡ್ಡದಾಗಿ, ಐದನೇ ಆವೃತ್ತಿಯ ತಿರುಳು ನಿಯಮಗಳ ಸುಮಾರು 400 ಪುಟವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟರು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರೋದಿಲ್ಲ. ಮೇಲುಗೈ ನಿಯಮ ಈಗ ಎಲ್ಲರದ್ದು. ನಾಳೆ ನಾನು ಅದನ್ನು ಕನ್ನಡಕ್ಕೆ ತಂದು, ಮೂಲ ಯಾವುದು ಅಂತ ಹೇಳಿ, ಪುಸ್ತಕ ಮಾಡಿದರೆ ಕೇಳುವವರಿಲ್ಲ.

ಪ್ರಶ್ನಾವಳಿಯ ಬಗ್ಗೆ ನನ್ನ ಗೊಣಗಾಟವನ್ನು ಅವತ್ತು ಸ್ವಲ್ಪ ವಾಪಸ್ ತೆಗೆದುಕೊಂಡೆ. ಹುಡುಗಿಯ ಮಾತಿಗೆ ಅದರಲ್ಲಿ ಕಾಲಮ್ ಇರಲಿಲ್ಲ ನಿಜ. ಆದರೆ ಹತ್ತು ವರ್ಷ "ನಿಮಗೇನನ್ನಿಸುತ್ತೆ" ಅಂತ ಕೇಳಿಸಿಕೊಂಡವರಿಗೆ ಉತ್ತರ ಹೇಳುವ ಅಭ್ಯಾಸ ಆಗಿಬಿಟ್ಟಿತ್ತು. ಆಡಿ ನೋಡಿದ್ದೀವಿ, ಹಾಗಾಗಿ ಇದರಲ್ಲಿ ನಮಗೂ ಒಂದು ಮಾತಿದೆ ಅನ್ನುವ ನಂಬಿಕೆ. ಕಾನೂನಿನ ಲೆಕ್ಕದಲ್ಲಿ ಅದಕ್ಕೆ ಚಿಕ್ಕಾಸಿನ ಬೆಲೆಯಿಲ್ಲ. ಆದರೂ ಅವತ್ತು ಅದೇ ಗೆದ್ದಿತು.

ಆ 400 ಪುಟಗಳನ್ನು ಇಳಿಸಿಕೊಂಡು ನಾನು ಮೊದಲು ಹುಡುಕಿದ್ದು ಟೆನ್ಸರನನ್ನು. ಇರಲಿಲ್ಲ. "ತೇಲುತಟ್ಟೆ" ಇದೆ, "ಆಮ್ಲ ಬಾಣ" ಇದೆ, ಮುಂದಿನ ಹೆಸರುಗಳು ಮಾತ್ರ ಇಲ್ಲ. ಹೆಸರುಗಳು ಕಂಪನಿಯ ಆಸ್ತಿ, ಹಾಗಾಗಿ 2000ದಿಂದಲೂ ಮುಕ್ತ ಪ್ರತಿಯಲ್ಲಿ ಕತ್ತರಿಸಿಯೇ ಕೊಡುತ್ತಾರೆ. ನಿಯಮ ಎಲ್ಲರ ಪಾಲಾಯಿತು, ಅದನ್ನು ಮೊದಲು ಆಡಿ ನೋಡಿದ ಮಕ್ಕಳ ಹೆಸರು ಅಂಗಡಿಯಲ್ಲೇ ಉಳಿಯಿತು. ಚೌಕಾಬಾರದ ಹಾಗೇ ಆಯ್ತಲ್ಲ ಅನ್ನಿಸಿತು. ಕಡಿಯದೆ ಒಳಗೆ ಹೋಗಬಾರದು ಅಂತ ಯಾವ ಹಜಾರದಲ್ಲಿ, ಯಾವ ಮಕ್ಕಳು ಜಗಳ ಮಾಡಿ ಗೊತ್ತು ಮಾಡಿದರೋ, ಅವರ ಹೆಸರು ಯಾರಿಗೆ ಗೊತ್ತು? ನಿಯಮ ಮಾತ್ರ ನಮ್ಮನೆವರೆಗೂ ಬಂತು.

ಆ ಹುಡುಗಿ ಈಗ ನಮ್ಮ ಗುಂಪಿನ ಸೂತ್ರಧಾರಿಣಿ. ಅವಳ ಮನೆಯಲ್ಲಿ ಒಂದು ನಿಯಮವಿದೆ: ಕತ್ತಿ ಹಿರಿಯುವ ಮೊದಲು ಯಾರಾದರೂ ಒಬ್ಬರು ಮಾತಾಡಿ ನೋಡಲೇಬೇಕು. ಯಾವ ಪುಸ್ತಕದಲ್ಲೂ ಇಲ್ಲ. ಆಡಿ ನೋಡಿದೆವು, ಚೆನ್ನಾಗಿತ್ತು, ಇಟ್ಟುಕೊಂಡೆವು.

ಅಂದ ಹಾಗೆ, ನಿಮ್ಮನೇಲಿ ಹೇಗಿತ್ತು? ಕಡಿಯದೆ ಒಳಗೆ ಬಿಡ್ತಿದ್ರಾ? ಹೇಳಿ, ಜೊತೆಗೆ ಆ ನಿಯಮಕ್ಕೆ ಜಗಳ ಮಾಡಿದವರ ಹೆಸರನ್ನೂ ಬರೆಯಿರಿ.